ಅಪ್ಪನಿಗೆ ನೋವೇ ಇಲ್ಲ, ಆದರೂ ಕುತ್ತಿಗೆ ಆಪರೇಷನ್ ಅಂತಾರೆ. ಮಾಡಿಸಬೇಕಾ?

ಸಂಕದಾಚೆಯವಳು · ಜೂನ್ 14

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಈಗ ಬೆಂಗಳೂರಿನಲ್ಲಿ ಕೆಲಸ. ಅಪ್ಪನ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 64 ವರ್ಷ. ಮೂರು ಎಕರೆ ಅಡಿಕೆ ತೋಟ. ಶುಗರ್ ಇಲ್ಲ, ಬಿಪಿಗೆ ದಿನಾ ಒಂದು ಮಾತ್ರೆ. ಹೋದ ಡಿಸೆಂಬರಿನಲ್ಲಿ ಅಡಿಕೆ ಸುಲಿಯಲು ಕೂತಾಗ ಮೊದಲ ಸಲ ಗೊತ್ತಾಯಿತು. ಮೆಟ್ಟುಗತ್ತಿಗೆ ಒತ್ತುವಷ್ಟರಲ್ಲಿ ಅಡಿಕೆ ಕೈಯಿಂದ ಜಾರಿ ಬೀಳುತ್ತಿತ್ತು. ಚಳಿಗೆ ಬೆರಳು ಮರಗಟ್ಟಿದೆ ಅಂದರು. ಆಮೇಲೆ ಕವಳ. ವೀಳ್ಯದೆಲೆಯ ನಾರು ತೆಗೆಯಲು ಆಗದೆ ಆಯಿಯ (ಅಮ್ಮನ) ಕೈಗೆ ಕೊಡತೊಡಗಿದರು. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ತಮ್ಮ ಕವಳವನ್ನು ಬೇರೆಯವರ ಕೈಗೆ ಕೊಟ್ಟದ್ದು ನೋಡಿಲ್ಲ.

ಜನವರಿಯಲ್ಲಿ ಒಬ್ಬ ಡಾಕ್ಟರು ನರದ ದೌರ್ಬಲ್ಯ ಅಂತ ಬಿ12 ಇಂಜೆಕ್ಷನ್ ಕೊಟ್ಟರು. ಏನೂ ಆಗಲಿಲ್ಲ. ಮಾರ್ಚ್ ಹೊತ್ತಿಗೆ ಕಾಲು ಬಿಗಿ. ಹವಾಯಿ ಚಪ್ಪಲಿ ಕಾಲಿಂದ ಕಳಚಿ ಹಿಂದೆ ಬಿದ್ದಿರುತ್ತದೆ, ಇವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ, ಗೊತ್ತೇ ಆಗುವುದಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳಲು ಕಣ್ಣು ಮುಚ್ಚಿದರೆ ವಾಲುತ್ತಾರೆ.

ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಒಂದು ಸಂಕ ಇದೆ. ಎರಡು ಅಡಿಕೆ ಮರ ಹಾಸಿದ್ದು, ಅಷ್ಟೇ. ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಅದರ ಮೇಲೆ ಸರಸರ ದಾಟುತ್ತಿದ್ದ ಮನುಷ್ಯ ಮೇ ತಿಂಗಳಲ್ಲಿ ಒಂದು ದಿನ ಸಂಕದ ಮೇಲೆ ಕೂತು, ಜರುಗುತ್ತಾ ಜರುಗುತ್ತಾ ದಾಟಿದರಂತೆ. ಅದನ್ನು ನೋಡಿ ಆಯಿ ನನಗೆ ಫೋನ್ ಮಾಡಿದರು.

ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು. ಸಿ4-5, ಸಿ5-6, ಅಂದರೆ ಕುತ್ತಿಗೆಯ 4-5 ಮತ್ತು 5-6ನೇ ಮೂಳೆಗಳ ನಡುವೆ, ಎರಡು ಕಡೆ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಹಿಂದಕ್ಕೆ ಚಾಚಿ ಬೆನ್ನುಹುರಿಯನ್ನು ಒತ್ತಿದೆ, ಹುರಿಯ ಒಳಗೆ ಬಿಳಿ ಕಲೆ ಇದೆ ಅಂತ ರಿಪೋರ್ಟು. ನ್ಯೂರೋ ಸರ್ಜನ್ ಕೆಲವು ವಾರದೊಳಗೆ ಆಪರೇಷನ್ ಆಗಲಿ ಅನ್ನುತ್ತಾರೆ. ಕುತ್ತಿಗೆಯ ಮುಂದಿನಿಂದ ಹೋಗಿ ಡಿಸ್ಕ್ ತೆಗೆದು ಪ್ಲೇಟ್ ಹಾಕುವುದಂತೆ.

ಅಪ್ಪ ಕೇಳುವುದು ಒಂದೇ ಮಾತು. "ಎನಗೆ ನೋವೇ ಇಲ್ಲೆ, ಆಪರೇಷನ್ ಎಂತಕ್ಕೆ?" ದೊಡ್ಡಪ್ಪ ಬೇರೆ, ಬೆನ್ನುಹುರಿಗೆ ಕತ್ತಿ ಹಾಕಿಸಿದರೆ ಹಾಸಿಗೆ ಹಿಡಿಯುವುದೇ ಗತಿ ಅಂತ ಹೆದರಿಸಿ ಕೂರಿಸಿದ್ದಾರೆ. ಕಾಯಬಹುದಾ? ಫಿಸಿಯೋಥೆರಪಿಯಲ್ಲಿ ಸರಿ ಹೋಗುತ್ತದಾ? ಮಾಡಿಸಿದರೆ ಕೈ ಮೊದಲಿನ ಹಾಗೆ ಆಗುತ್ತದಾ? ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗುರು ಹಾಸನ · ಜೂನ್ 14

ಅರ್ಜೆಂಟ್ ಮಾಡಬೇಡಿ ಮೇಡಂ. ನಮ್ಮ ಕಡೆ ಎಣ್ಣೆ ತಿಕ್ಕಿ ಕುತ್ತಿಗೆ ತಿರುಗಿಸಿ ಕೂರಿಸುವವರು ಇದ್ದಾರೆ. ನಮ್ಮ ಭಾವನಿಗೆ ಕುತ್ತಿಗೆ ನೋವು ಜಾಸ್ತಿ ಆಗಿ ತಲೆ ತಿರುಗಿಸಲು ಆಗುತ್ತಿರಲಿಲ್ಲ. ಎರಡೇ ದಿನಕ್ಕೆ ಸರಿಯಾಯಿತು. ಆಪರೇಷನ್ ಅಂತ ಹೋಗುವ ಮೊದಲು ಒಮ್ಮೆ ತೋರಿಸಿ ನೋಡಿ, ಕಳೆದುಕೊಳ್ಳುವುದು ಏನಿದೆ.

ಕತ್ತರಿ ಟೇಪು, ದಾವಣಗೆರೆ · ಜೂನ್ 15

ಮೊದಲು ಹಾಸನದ ಯಜಮಾನರಿಗೆ. ಸ್ವಾಮಿ, ನಿಮ್ಮ ಭಾವನಿಗೆ ಇದ್ದದ್ದು ನೋವು. ಈ ಹುಡುಗಿಯ ಅಪ್ಪನಿಗೆ ನೋವೇ ಇಲ್ಲ. ಎರಡೂ ಬೇರೆ ಬೇರೆ. ಬೆನ್ನುಹುರಿ ಒತ್ತಿ ಹೋಗಿರುವವರ ಕುತ್ತಿಗೆಯನ್ನು ಯಾರೂ ತಿರುಗಿಸಬಾರದು. ಏನು ಕಳೆದುಕೊಳ್ಳುತ್ತಾರೆ ಅಂತ ನನ್ನನ್ನು ಕೇಳಿ, ನಾನು ಕಳೆದುಕೊಂಡವನು.

ತಂಗಿ, ನಾನು ಟೈಲರ್. ವಯಸ್ಸು 61, ಹದಿನೆಂಟಕ್ಕೆ ಮೆಷಿನ್ ಹತ್ತಿದವನು. ನಿನ್ನ ಅಪ್ಪನ ಅಡಿಕೆ ಕಥೆ ಓದುವಾಗ ಮೈ ಜುಂ ಅಂದಿತು. ನನ್ನದು ಸೂಜಿಯಿಂದ ಶುರು.

2017ರ ದೀಪಾವಳಿ. ಅಂಗಡಿಯಲ್ಲಿ ರಾಶಿ ಕೆಲಸ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಣ್ಣಿನ ತೊಂದರೆ ಅಂದುಕೊಂಡು ಕನ್ನಡಕ ಬದಲಾಯಿಸಿದೆ. ಆದರೆ ಸೂಜಿಯ ಕಣ್ಣು ಚೆನ್ನಾಗೇ ಕಾಣುತ್ತಿತ್ತು. ದಾರ ಹಿಡಿದ ಬೆರಳು ಎಷ್ಟು ಬಿಗಿ ಹಿಡಿದಿದೆ ಅಂತ ಆ ಬೆರಳಿಗೇ ತಿಳಿಯುತ್ತಿರಲಿಲ್ಲ. ಕೈಗವಸು ಹಾಕಿಕೊಂಡು ಕಾಜ ಹಾಕಿದ ಹಾಗೆ. ನಾನು ಹೊಲಿದ ಅಂಗಿಯ ಗುಂಡಿಯನ್ನು ನಾನೇ ಹಾಕಿಕೊಳ್ಳಲು ಆಗದೆ ಹೆಂಡತಿಯ ಮುಂದೆ ನಿಲ್ಲುತ್ತಿದ್ದೆ. ಅವಳಿಗೆ ನಗು, ನನಗೆ ಸಿಟ್ಟು.

ಒಂದು ಕಡೆ ತೋರಿಸಿದೆ. ಮಣಿಕಟ್ಟಿನಲ್ಲಿ ನರ ಒತ್ತಿದೆ, ಟೈಲರ್‌ಗಳಿಗೆ ಇದು ಬರುತ್ತದೆ ಅಂದರು. ಬಲಗೈ ಮಣಿಕಟ್ಟಿಗೆ ಸಣ್ಣ ಆಪರೇಷನ್ ಆಯಿತು. ಏನೂ ಬದಲಾಗಲಿಲ್ಲ. ನನ್ನನ್ನು ಯಾರೂ ಎಬ್ಬಿಸಿ ನಡೆಸಿ ನೋಡಲಿಲ್ಲ, ಕುತ್ತಿಗೆ ಮುಟ್ಟಲಿಲ್ಲ. ಪೂರ್ತಿ ಅವರ ತಪ್ಪು ಅನ್ನಲಾರೆ. ಕಾಲಿನ ವಿಷಯ ನಾನೂ ಹೇಳಿರಲಿಲ್ಲ. ಕೈ ತೋರಿಸಲು ಹೋದವನು ಕಾಲಿನ ಸುದ್ದಿ ಯಾಕೆ ಎತ್ತಲಿ, ಅಲ್ವಾ?

ಕಾಲಿನದು ಏನಪ್ಪಾ ಅಂದರೆ, ಮೆಷಿನ್ನಿನ ಪೆಡಲ್ ಮೇಲೆ ಪಾದದ ಮುಂಭಾಗ ಊರಿದ ಕೂಡಲೇ ಹಿಮ್ಮಡಿ ತಾನೇ ತಟತಟ ಕುಣಿಯುತ್ತಿತ್ತು. ಮಂಡಿಯ ಮೇಲೆ ಕೈ ಒತ್ತಿದರೆ ನಿಲ್ಲುತ್ತಿತ್ತು. ಅಂಗಡಿ ಹುಡುಗರು "ಕಾಕಾ, ಕಾಲಿಗೆ ಮೋಟರ್ ಹಾಕಿಸಿದೀರಾ" ಅಂತ ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು, ಡಾಕ್ಟರುಗಳು ರೋಗಿಯ ಪಾದ ಮೇಲಕ್ಕೆ ಒತ್ತಿ ಹುಡುಕುವ ಗುರುತೇ ಅದು ಅಂತ.

ಈ ನಡುವೆ ತಲೆಗೂದಲು ಕಟಿಂಗ್‌ಗೆ ಹೋಗಿದ್ದೆ. ಕೊನೆಗೆ ತಲೆ ಹಿಡಿದು ಲಟಕ್ ಅನಿಸುತ್ತಾರಲ್ಲ, ಅದನ್ನು ನಾನೇ ಕೇಳಿ ಮಾಡಿಸಿಕೊಂಡೆ. ಕುತ್ತಿಗೆಯಿಂದ ಕೆಳಗೆ ಕೂರುವ ಮೂಳೆಯ ತನಕ ಕರೆಂಟ್ ಹೊಡೆದ ಹಾಗಾಯಿತು. ಎರಡು ದಿನ ಎಡಗೈಯಲ್ಲಿ ಲೋಟ ಎತ್ತಲು ಆಗಲಿಲ್ಲ. ಆಮೇಲೆ ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ.

ಕಡೆಗೆ ನನ್ನ ಗಿರಾಕಿಯೊಬ್ಬರ ಮಗ, ಡಾಕ್ಟರ್ ಹುಡುಗ, ಪ್ಯಾಂಟಿನ ಅಳತೆ ಕೊಡಲು ಬಂದವನು ನಾನು ಎದ್ದು ಟೇಪು ತರುವುದನ್ನು ನೋಡಿ "ಕಾಕಾ, ಇನ್ನೊಂದು ಸಲ ನಡೀರಿ" ಅಂದ. ನಡೆದೆ. ಕಾಲು ಎಳೆದುಕೊಂಡು, ಅಗಲ ಇಟ್ಟು ನಡೆಯುತ್ತಿದ್ದೆನಂತೆ. ನನ್ನ ನಡುಬೆರಳ ಉಗುರನ್ನು ಚಿಮ್ಮಿ ಬಿಟ್ಟ. ಹೆಬ್ಬೆರಳು ತಾನೇ ಒಳಕ್ಕೆ ಮಡಚಿಕೊಂಡಿತು. "10 ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಬಿಚ್ಚುತ್ತೀರಿ, ಮಾಡಿ" ಅಂದ. ಸರಿ ಇದ್ದವರು 20 ಸಲ ಮಾಡುತ್ತಾರೆ. ನನ್ನದು ಒಂಬತ್ತು. ಪ್ಯಾಂಟಿನ ಅಳತೆ ಬಿಟ್ಟು ಎಂಆರ್‌ಐಗೆ ಬರೆದುಕೊಟ್ಟ.

ಈಗ ನಿನ್ನ ಅಪ್ಪನ ಪ್ರಶ್ನೆ, ನೋವಿಲ್ಲದೆ ಆಪರೇಷನ್ ಯಾಕೆ ಅಂತ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಲಂಗಕ್ಕೆ ಲಾಡಿ ತೂರಿಸಲು ಬಟ್ಟೆ ಮಡಚಿ ಹೊಲಿದು ಒಂದು ದಾರಿ ಮಾಡುತ್ತೇವಲ್ಲ, ಬೆನ್ನುಮೂಳೆಯ ಒಳಗೆ ಅಂಥದೇ ದಾರಿ. ಅದರೊಳಗೆ ಇಳಿಯುವ ಲಾಡಿ ಈ ಬೆನ್ನುಹುರಿ. ಗಂಡಸರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಮಿದುಳಿನಿಂದ ಕೈಕಾಲಿಗೆ ಬರುವ ಅಪ್ಪಣೆ, ಕೈಕಾಲಿನಿಂದ ಮೇಲೆ ಹೋಗುವ ಸುದ್ದಿ, ಎಲ್ಲ ಇದರೊಳಗೇ. ಕುತ್ತಿಗೆಯಲ್ಲಿ ಆ ದಾರಿ ಮುಂದಿನಿಂದ ಹಿಂದಕ್ಕೆ 17 ಮಿಲಿಮೀಟರ್ ಆಸುಪಾಸು ಇರುತ್ತದೆ. 13ಕ್ಕಿಂತ ಕಡಿಮೆ ಆದರೆ ಇಕ್ಕಟ್ಟು ಅಂತ ಲೆಕ್ಕ. ವಯಸ್ಸಾದ ಹಾಗೆ ಡಿಸ್ಕ್ ಒಣಗಿ ಹಿಂದಕ್ಕೆ ಉಬ್ಬುತ್ತದೆ. ಮೂಳೆಯ ಅಂಚಿನಲ್ಲಿ ಮುಳ್ಳಿನ ಹಾಗೆ ಬೆಳೆಯುತ್ತದೆ. ಮೂಳೆಗಳನ್ನು ಹಿಂದಿನಿಂದ ಹಿಡಿದಿಡುವ ಪಟ್ಟಿ ದಪ್ಪವಾಗಿ ಒಳಗೆ ಮಡಿಕೆ ಬೀಳುತ್ತದೆ. ನನ್ನದು ತೀರಾ ಇಕ್ಕಟ್ಟಾದ ಜಾಗದಲ್ಲಿ 8 ಮಿಲಿಮೀಟರ್ ಉಳಿದಿತ್ತು. ಅಂಗಿಯ ಮುಂದಿನ ಗುಂಡಿ ಹನ್ನೊಂದೂವರೆ ಮಿಲಿಮೀಟರ್ ಇರುತ್ತದೆ, ಕಾಲರಿನ ಸಣ್ಣ ಗುಂಡಿ ಸುಮಾರು ಒಂಬತ್ತು. ಅದಕ್ಕಿಂತ ಸಣ್ಣ ಜಾಗದಲ್ಲಿ ನನ್ನ ಇಡೀ ಮೈ ತೂರಿ ಹೋಗಬೇಕಿತ್ತು.

ಪಕ್ಕಕ್ಕೆ ಹೊರಡುವ ನರ ಸಿಕ್ಕಿಕೊಂಡರೆ ತೋಳಿನುದ್ದಕ್ಕೂ ನೋವು ಇಳಿಯುತ್ತದೆ. ಅದು ಕೂಗಿ ಹೇಳುತ್ತದೆ. ಹುರಿ ಒತ್ತಿದರೆ ಕೂಗಲೇಬೇಕೆಂದಿಲ್ಲ. ಸುಮ್ನೆ ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತದೆ. ಮೊದಲು ಸೂಜಿ, ಆಮೇಲೆ ಗುಂಡಿ, ಆಮೇಲೆ ಚಪ್ಪಲಿ, ಕಡೆಗೆ ಮೂತ್ರ. ನೋವಿನ ಲೆಕ್ಕ ಬಿಡು, ಕೈ ಏನೇನು ಬಿಟ್ಟಿದೆ ಅಂತ ಲೆಕ್ಕ ಹಾಕು. ನಿನ್ನ ಅಪ್ಪನ ಕೈ ಅಡಿಕೆ ಬಿಟ್ಟಿದೆ, ಕವಳ ಬಿಟ್ಟಿದೆ. ಕಾಲು ಸಂಕ ಬಿಟ್ಟಿದೆ. ಆರು ತಿಂಗಳಲ್ಲಿ ಇಷ್ಟು.

ಕಾಯಬಹುದಾ ಅಂತ ಕೇಳಿದ್ದೀಯ. ನಾನು ಡಾಕ್ಟರಲ್ಲ. ಆದರೆ ಡಾಕ್ಟರನ್ನು ಒಂದು ಪ್ರಶ್ನೆ ಕೇಳು. ಈ ಕಾಯಿಲೆಗೆ 18 ಅಂಕದ ಒಂದು ಪಟ್ಟಿ ಇದೆ. ಕೈ, ಕಾಲು, ಸ್ಪರ್ಶ, ಮೂತ್ರ, ಎಲ್ಲಕ್ಕೂ ಇಷ್ಟಿಷ್ಟು ಅಂಕ. 15ರಿಂದ 17 ಬಂದರೆ ಸೌಮ್ಯ. ಅಂಥವರನ್ನು ಕಣ್ಣಿಟ್ಟು ನೋಡುತ್ತಾ, ವ್ಯಾಯಾಮ ಮಾಡಿಸುತ್ತಾ ಕಾಯುವುದೂ ಉಂಟು. 14 ಮತ್ತು ಅದಕ್ಕಿಂತ ಕೆಳಗೆ ಹೋದರೆ ಆಪರೇಷನ್ ಅಂತಲೇ 2017ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನನಗೆ ಬಂದದ್ದು 12. "ಅಪ್ಪನ ಅಂಕ ಎಷ್ಟು" ಅಂತ ಕೇಳು.

ಇದು ಮೆಟ್ಟಿಲು ಇಳಿದ ಹಾಗೆ ಹೋಗುವ ಕಾಯಿಲೆ. ಕೆಲವು ತಿಂಗಳು ಅಲ್ಲೇ ನಿಂತಿರುತ್ತದೆ, ಸರಿಹೋಯಿತು ಅನಿಸುತ್ತದೆ. ಆಮೇಲೆ ದಡಕ್ಕನೆ ಒಂದು ಮೆಟ್ಟಿಲು ಕೆಳಗೆ. ಬಿದ್ದರಂತೂ ಮುಗಿಯಿತು. ಇಕ್ಕಟ್ಟಾದ ಕುತ್ತಿಗೆ ಇರುವವರು ಗಲ್ಲ ಮೇಲಾಗಿ, ಕುತ್ತಿಗೆ ಹಿಂದಕ್ಕೆ ಬಾಗಿ ಬಿದ್ದರೆ, ಮೂಳೆ ಮುರಿಯದೆಯೂ ಎರಡೂ ಕೈ ಹೋಗಬಹುದು. ಮಳೆಗಾಲ ಶುರುವಾಗಿದೆ. ಮೊದಲು ಆ ಸಂಕ ನಿಲ್ಲಿಸು.

ನನ್ನ ಆಪರೇಷನ್ 2019ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಆಯಿತು. ನನ್ನದು ನಾಲ್ಕು ಕಡೆ ಒತ್ತಿದ್ದರಿಂದ ಹಿಂದಿನಿಂದ ಮಾಡಿದರು. ಮೂಳೆಯ ಕಮಾನನ್ನು ಒಂದು ಬದಿ ಪೂರ್ತಿ ಕತ್ತರಿಸಿ, ಇನ್ನೊಂದು ಬದಿ ಅರ್ಧ ಮಾತ್ರ ಕೊರೆದು, ಬಾಗಿಲಿನ ಹಾಗೆ ತೆರೆದು, ಮುಚ್ಚದಂತೆ ಸಣ್ಣ ಪ್ಲೇಟು. ಜಪಾನಿನವರು 1970ರ ದಶಕದಲ್ಲಿ ಶುರು ಮಾಡಿದ್ದಂತೆ. "ಅಂದರೆ ಹೊಲಿಗೆ ಬಿಚ್ಚಿ ಅಗಲ ಮಾಡುತ್ತೀರಿ" ಅಂದೆ. ಸರ್ಜನ್‌ಗೆ ನಗು ಬಂತು. ಒಂದೆರಡು ಡಿಸ್ಕ್ ಮಾತ್ರ ಆದರೆ ನಿನ್ನ ಅಪ್ಪನಿಗೆ ಹೇಳಿದ ಹಾಗೆ ಮುಂದಿನಿಂದ ಹೋಗುವುದು ಹೆಚ್ಚು.

ಎಲ್ಲ ಚೆನ್ನಾಗೇ ಆಯಿತು ಅಂತ ಸುಳ್ಳು ಹೇಳುವುದಿಲ್ಲ. ಮೂರನೇ ದಿನ ಬೆಳಿಗ್ಗೆ ಬಲ ತೋಳು ಭುಜದಿಂದ ಮೇಲೆ ಏಳಲಿಲ್ಲ. ಬಾಚಣಿಗೆ ತಲೆಗೆ ಮುಟ್ಟುತ್ತಿರಲಿಲ್ಲ. ನನ್ನ ಕಥೆ ಮುಗಿಯಿತು ಅಂತ ಅತ್ತೆ. ಕುತ್ತಿಗೆಯಿಂದ ಭುಜಕ್ಕೆ ಹೋಗುವ ಸಿ5 ನರ ಹೀಗೆ ಮುನಿಸಿಕೊಳ್ಳುವುದು ಈ ಆಪರೇಷನ್ನಿನಲ್ಲಿ ಕೆಲವರಿಗೆ ಆಗುತ್ತದೆ, ಹೆಚ್ಚಿನವರಿಗೆ ಮರಳಿ ಬರುತ್ತದೆ ಅಂದರು. ನನಗೆ ಐದು ತಿಂಗಳು ಹಿಡಿಯಿತು.

ಕೈ ಮೊದಲಿನ ಹಾಗೆ ಆಗುತ್ತದಾ? ನನ್ನದು ಆಗಲಿಲ್ಲ. ಕಾಲು ಚೆನ್ನಾಗಿ ಬಂತು, ಪೆಡಲಿನ ಕುಣಿತ ನಿಂತಿತು, ಬಸ್ಸು ಹತ್ತಿ ಇಳಿಯುತ್ತೇನೆ. ಬೆರಳ ತುದಿ ಇವತ್ತಿಗೂ ಮಂಕು. ಕಾಜ ಹಾಕುವುದಿಲ್ಲ. ಕಟಿಂಗ್ ಮಾತ್ರ ನನ್ನದು, ಹೊಲಿಗೆ ತಮ್ಮನ ಮಗನದು. ಸರ್ಜನ್ ಮೊದಲೇ ಹೇಳಿದ್ದರು, "ಇದು ಇನ್ನೂ ಹಾಳಾಗದಂತೆ ತಡೆಯುವ ಆಪರೇಷನ್. ಮರಳಿ ಬಂದದ್ದು ಲಾಭ." ಲಾಭ ಹೆಚ್ಚಾಗಿ ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ. ಬೇಗ ಹೋದವರಿಗೆ ಜಾಸ್ತಿ. ನಾನು ಹದಿನೈದು ತಿಂಗಳು ಸುತ್ತಾಡಿ ಹೋದವನು. ಕಾಜ ಹೋದದ್ದು ಅಲ್ಲಿ.

ದುಡ್ಡಿನ ವಿಷಯ. ನನ್ನದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೆ ಪ್ಯಾಕೇಜಿನ 30 ಪರ್ಸೆಂಟ್ ಅವರು ಕೊಡುತ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲೇ ದಿನ ಗೊತ್ತುಮಾಡಿ ಮಾಡಿಸುವ ಆಪರೇಷನ್ ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದನ್ನು ಮೊದಲೇ ಮಾಡಿಸಿಕೋ. ಕಡೇ ಗಳಿಗೆಯಲ್ಲಿ ಓಡಾಡಿಸುತ್ತಾರೆ.

ನಡಿಗೆ, ಮೈಸೂರು · ಜೂನ್ 15

ನಾನು ಫಿಸಿಯೋಥೆರಪಿಸ್ಟ್. ಟೈಲರ್ ಅವರು ಬರೆದದ್ದಕ್ಕೆ ಸೇರಿಸುವುದು ಸ್ವಲ್ಪ ಇದೆ.

ನಿಮ್ಮ ಅಪ್ಪನಿಗೆ ಕುತ್ತಿಗೆ ಎಳೆಯುವ ಟ್ರಾಕ್ಷನ್ ಬೇಡ, ಜೋರು ಮಸಾಜ್ ಬೇಡ. ಡಿಸ್ಕ್, ಮೂಳೆಯಿಂದ ಒತ್ತಿರುವ ಹುರಿಯನ್ನು ವ್ಯಾಯಾಮದಿಂದ ಬಿಡಿಸಲು ಆಗುವುದಿಲ್ಲ. ಇದನ್ನು ನನ್ನ ಕಸುಬಿನವಳಾಗಿಯೇ ಹೇಳುತ್ತಿದ್ದೇನೆ. ನಮ್ಮ ಕೆಲಸ ಈಗ ಬೀಳದಂತೆ ನೋಡಿಕೊಳ್ಳುವುದು, ಆಮೇಲೆ ಆಪರೇಷನ್ ಆದ ಮೇಲೆ ಕೈಕಾಲಿಗೆ ಮತ್ತೆ ಕಲಿಸುವುದು.

ಇವತ್ತೇ ಮಾಡಬಹುದಾದದ್ದು: ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯಲಿ. ಅವರು ಕಣ್ಣು ಮುಚ್ಚಿದರೆ ವಾಲುತ್ತಾರೆ ಅಂದಿರಿ. ಕಾಲು ಎಲ್ಲಿದೆ ಎಂಬ ಸುದ್ದಿ ಮೇಲೆ ಹೋಗುತ್ತಿಲ್ಲ, ಕಣ್ಣಿನಿಂದ ನೋಡಿ ನಿಲ್ಲುತ್ತಿದ್ದಾರೆ. ಕತ್ತಲಾದರೆ ಅದೂ ಇಲ್ಲ. ಹವಾಯಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ. ಮುಖ ತೊಳೆಯುವುದು ಕೂತು ಮಾಡಲಿ. ತಲೆ ಮೇಲೆ ಹೊರೆ ಸದ್ಯ ಬೇಡವೇ ಬೇಡ.

ಬಿ12 ಕೊಟ್ಟದ್ದನ್ನು ಪೂರ್ತಿ ತಪ್ಪು ಅನ್ನಬೇಡಿ. ಬಿ12 ಕಡಿಮೆಯಾದರೂ ಬೆನ್ನುಹುರಿ ಹೀಗೇ ಕೆಡುತ್ತದೆ, ಸಸ್ಯಾಹಾರಿಗಳಲ್ಲಿ ನೋಡುತ್ತೇವೆ. ರಕ್ತದಲ್ಲಿ ಅದನ್ನು ನೋಡಿರದಿದ್ದರೆ ಈಗ ನೋಡಿಸಿ. ಎರಡೂ ಒಟ್ಟಿಗೆ ಇರಬಹುದು.

ಒಂದು ಮಾತ್ರ ಗಟ್ಟಿಯಾಗಿ ನೆನಪಿರಲಿ. ಮೂತ್ರ ಕಟ್ಟಿಕೊಂಡರೆ, ಗೊತ್ತಿಲ್ಲದೆ ಹೋಗತೊಡಗಿದರೆ, ಕಾಲು ಇದ್ದಕ್ಕಿದ್ದಂತೆ ಸೋತರೆ, ತೊಡೆಸಂದಿಯ ಸುತ್ತ ಸ್ಪರ್ಶ ಹೋದರೆ, ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಅದೇ ದಿನ, ಅದೇ ರಾತ್ರಿ ಆಸ್ಪತ್ರೆಗೆ.

ಕಲಬುರಗಿ ಮಾಸ್ತರ · ಜೂನ್ 16

ಓದುವವರು ಎಲ್ಲರೂ ಬೆನ್ನುಹುರಿ ಒತ್ತಿದೆ ಅಂದರೆ ಆಪರೇಷನ್ ಅಂದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ಯಾತರಿಂದ ಒತ್ತಿದೆ ಅನ್ನುವುದರ ಮೇಲೆ ಚಿಕಿತ್ಸೆ.

2022ರಲ್ಲಿ ನಮ್ಮ ಮನೆಯವರಿಗೆ ಬೆನ್ನಿನ ನಡುವೆ ನೋವು. ರಾತ್ರಿ ಜಾಸ್ತಿ. ಸಂಜೆಗೆ ಸಣ್ಣ ಜ್ವರ, ತೂಕ ಇಳಿಯಿತು. ಆಮೇಲೆ ಕಾಲು ಭಾರ. ಎಂಆರ್‌ಐನಲ್ಲಿ ಎರಡು ಮೂಳೆ ಸವೆದು ನಡುವೆ ಕೀವು ತುಂಬಿ ಹುರಿಯ ಮೇಲೆ ಕೂತಿತ್ತು. ಸೂಜಿ ಹಾಕಿ ತೆಗೆದು ಪರೀಕ್ಷೆ ಮಾಡಿದರೆ ಟಿಬಿ. ಕೆಮ್ಮೇ ಇರಲಿಲ್ಲ, ಕಫವೂ ಇಲ್ಲ. ಬೆನ್ನುಮೂಳೆಗೆ ಟಿಬಿ ಬರುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು.

ಕಾಲಿನಲ್ಲಿ ಬಲ ಸುಮಾರಾಗಿ ಇತ್ತು ಅಂತ ಮೊದಲು ಮಾತ್ರೆ ಕೊಟ್ಟು ನೋಡೋಣ ಅಂದರು. ಬೆಲ್ಟ್ ಹಾಕಿ ಮಲಗಿಸಿದರು. ಒಂದು ವರ್ಷ ಪೂರ್ತಿ ಮಾತ್ರೆ, ಒಂದು ದಿನವೂ ತಪ್ಪಿಸಲಿಲ್ಲ. ಆಪರೇಷನ್ ಇಲ್ಲದೆ ನಡೆದರು. ಕಾಲು ಪೂರ್ತಿ ಸೋತವರಿಗೆ, ಮಾತ್ರೆ ತೆಗೆದುಕೊಂಡರೂ ಹದಗೆಡುವವರಿಗೆ ಆಪರೇಷನ್ ಬೇಕಾಗುತ್ತದೆ. ಮಾತ್ರೆ ಸರ್ಕಾರದ್ದೇ, ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ ಆಗ ತಿಂಗಳಿಗೆ 500 ರೂಪಾಯಿ ಬ್ಯಾಂಕಿಗೆ ಬರುತ್ತಿತ್ತು, 2024ರ ನವೆಂಬರಿನಿಂದ 1000 ಆಗಿದೆ.

ಅದೇ ವಾರ್ಡಿನಲ್ಲಿ ಪಕ್ಕದ ಮಂಚದ ಅಜ್ಜನಿಗೆ ಪ್ರಾಸ್ಟೇಟಿನ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಅವರಿಗೆ ಬಂದ ರಾತ್ರಿಯೇ ಸ್ಟಿರಾಯ್ಡ್ ಇಂಜೆಕ್ಷನ್, ಮರುದಿನವೇ ರೇಡಿಯೇಷನ್. ಮೂವರ ಕಾಲೂ ಒಂದೇ ಥರ ಸೋತದ್ದು, ನೋಡ್ರಿ. ಮದ್ದು ಮೂರು ಥರ.

ಸಂಕದಾಚೆಯವಳು · ಜೂನ್ 17

ಎಲ್ಲರಿಗೂ ಥ್ಯಾಂಕ್ಸ್. ಟೈಲರ್ ಸರ್, ನೀವು ಬರೆದದ್ದನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಪೆಡಲಿನ ಮಾತು ಬಂದಾಗ ತಡೆದು ಇನ್ನೊಂದು ಸಲ ಓದು ಅಂದರು. ರಾತ್ರಿ ಮಂಚದ ಅಂಚಿಗೆ ಕೂತು ಪಾದ ಊರಿದರೆ ಅವರ ಹಿಮ್ಮಡಿಯೂ ಕುಣಿಯುತ್ತದಂತೆ. ಆಯಿಗೂ ಹೇಳಿರಲಿಲ್ಲ.

ಅಂಕ ಕೇಳಿದೆ. 13. ಬಿ12 ಸರಿಯಾಗಿದೆ. ಮುಷ್ಟಿ ಕಟ್ಟುವುದು 11 ಸಲ ಬಂತು. ದೊಡ್ಡಪ್ಪನೂ ಪಕ್ಕದಲ್ಲಿ ಕೂತು ಮಾಡಿ ನೋಡಿದರು, 72ನೇ ವಯಸ್ಸಿಗೆ ಅವರದು 19. ಅದಾದ ಮೇಲೆ ಹಾಸಿಗೆ ಹಿಡಿಯುವ ಮಾತು ಆಡಲಿಲ್ಲ. ಸಂಕದ ಹತ್ತಿರ ಹೋಗದಂತೆ ಆಯಿ ಬಾಗಿಲಲ್ಲೇ ಕೂತಿದ್ದಾರೆ.

ಕತ್ತರಿ ಟೇಪು, ದಾವಣಗೆರೆ · ಜೂನ್ 17

ಸರ್ ಬೇಡ, ಕಾಕಾ ಅನ್ನು. ಅಂಗಡಿಗೆ ಬರುವವರೆಲ್ಲ ಹಾಗೇ ಅನ್ನುವುದು. ಎಂಆರ್‌ಐ ಫಿಲ್ಮು ಜೋಪಾನ. ರಿಪೋರ್ಟಿನ ಕಾಗದ ಒಂದೇ ಸಾಲದು, ಸರ್ಜನ್‌ಗೆ ಚಿತ್ರವೇ ಬೇಕು. ನಾನು ಮಡಚಿ ಬ್ಯಾಗಿಗೆ ತುರುಕಿ ಬೈಸಿಕೊಂಡಿದ್ದೇನೆ.

ಸಂಕದಾಚೆಯವಳು · ಜುಲೈ 24

ಕಾಕಾ, ಜುಲೈ 8ಕ್ಕೆ ಆಪರೇಷನ್ ಆಯಿತು. ಒಳಗೆ ಹೋಗಿ ಹೊರಗೆ ಬರಲು ನಾಲ್ಕು ತಾಸು. ಮರುದಿನವೇ ಎಬ್ಬಿಸಿ ನಡೆಸಿದರು. ಕತ್ತಿನ ಮುಂದೆ ಎರಡು ಇಂಚಿನ ಗೀರು, ಅಷ್ಟೇ.

ಗಂಟಲದ್ದು ಯಾರೂ ಇಷ್ಟು ಅಂತ ಹೇಳಿರಲಿಲ್ಲ. ಏನೋ ಸಿಕ್ಕಿಕೊಂಡ ಹಾಗೆ ಆಗಿ ಅನ್ನ ನುಂಗಲು ಎಂಟು ದಿನ ಕಷ್ಟಪಟ್ಟರು. ಗಂಜಿ, ತಂಬುಳಿ, ಮತ್ತೆ ಗಂಜಿ. ಧ್ವನಿ ಇನ್ನೂ ಗೊಗ್ಗರು. ಆ ಧ್ವನಿಯಲ್ಲೇ ಜಗಲಿಯಿಂದ, ಮಳೆ ಬಿಟ್ಟಿದೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಿ ಅಂತ ಕೂಗುತ್ತಾರೆ. ಕವಳದ ತಂಬಾಕು ನಿಂತಿದೆ. ಮೂಳೆ ಬೆಸೆಯುವುದು ತಡವಾಗುತ್ತದೆ ಅಂತ ಡಾಕ್ಟರು ಬೈದರು. ಬರೀ ಎಲೆ ಅಡಿಕೆ ಹಾಕಿಕೊಂಡು ಇದಕ್ಕೆ ಕವಳ ಅನ್ನುತ್ತಾರಾ ಅಂತ ಗೊಣಗಾಟ.

ಕಾಲು ಹಗುರಾಗಿದೆ ಅನ್ನುತ್ತಾರೆ. ಮುಷ್ಟಿ 14ಕ್ಕೆ ಬಂದಿದೆ. ಎಲೆಯ ನಾರು ಇನ್ನೂ ಆಯಿಯೇ ತೆಗೆಯುವುದು. ಫಿಸಿಯೋ ಹೇಳಿದ ಹಾಗೆ ಕಡಲೆಕಾಳು ಒಂದೊಂದೇ ಹೆಕ್ಕಿ ಡಬ್ಬಿಗೆ ಹಾಕುತ್ತಾ ಕೂರುತ್ತಾರೆ, ಅರ್ಧ ತಿನ್ನುತ್ತಾರೆ.

ಈಗಿನ ಗೋಳು ಕಾಲರ್. ಕುತ್ತಿಗೆಗೆ ಹಾಕಿರುವ ಪಟ್ಟಿ. ಇಲ್ಲಿಯ ಮಳೆಗೆ ಒಣಗುವುದೇ ಇಲ್ಲ, ಗಲ್ಲದ ಕೆಳಗೆ ಕೆಂಪು ಗುಳ್ಳೆ ಎದ್ದಿದೆ. ಕಿತ್ತು ಹಾಕುತ್ತೇನೆ ಅಂತಾರೆ. ಇನ್ನೂ ಮೂರು ವಾರ ಇದೆ. ಏನು ಮಾಡಿದಿರಿ ನೀವು?

ಕತ್ತರಿ ಟೇಪು, ದಾವಣಗೆರೆ · ಜುಲೈ 24

ಓದಿ ಸಮಾಧಾನ ಆಯಿತು ತಂಗಿ. ಗುಳ್ಳೆಯನ್ನು ಡಾಕ್ಟರಿಗೆ ಫೋಟೋ ಕಳಿಸಿ ತೋರಿಸು. ಗೀರಿನ ಹತ್ತಿರ ಕೆಂಪಾದರೆ, ಒಸರಿದರೆ ಫೋಟೋ ಸಾಲದು, ಕರೆದುಕೊಂಡೇ ಹೋಗು.

ಕಾಲರಿಗೆ ಒಳಗವಸು ಹೊಲಿ. ಅಪ್ಪನ ಹಳೇ ಪಂಚೆ ಇದ್ದೇ ಇರುತ್ತದೆ, ತೊಳೆದು ತೊಳೆದು ಮೆತ್ತಗಾದದ್ದು. ಕುತ್ತಿಗೆ ಸುತ್ತಳತೆಗೆ ಎರಡು ಇಂಚು ಸೇರಿಸಿ ಉದ್ದ. ಕಾಲರಿನ ಎತ್ತರದ ಎರಡರಷ್ಟಕ್ಕೆ ಒಂದು ಇಂಚು ಸೇರಿಸಿ ಅಗಲ. ಮಡಚಿ ಚೀಲದ ಹಾಗೆ ಹೊಲಿ, ಹೊಲಿಗೆ ಕಾಲರಿನ ಹೊರಬದಿಗೆ ಬರಲಿ, ಗಲ್ಲಕ್ಕೆ ತಾಗಬಾರದು. ವೆಲ್ಕ್ರೋ ಇರುವ ಜಾಗ ಬಿಡು. ಆರು ಹೊಲಿ. ನಿಮ್ಮ ಕಡೆ ಮಳೆಗೆ ಮೂರು ಸಾಲುವುದಿಲ್ಲ, ಒಲೆ ಮೇಲೆ ಒಣಗಿಸಬೇಕಾಗುತ್ತದೆ. ಗವಸು ಬದಲಾಯಿಸುವಾಗ ಅವರು ಅಂಗಾತ ಮಲಗಿರಲಿ, ತಲೆ ಅಲ್ಲಾಡಿಸದೆ ಆಯಿ ಹಿಡಿದುಕೊಂಡಿರಲಿ. ಡಾಕ್ಟರು ಹಾಗೆ ಬಿಚ್ಚಬಹುದು ಅಂದಿದ್ದರೆ ಮಾತ್ರ.

ಬಾಯಿಗೆ ಗುಂಡಿ ಇಡಬೇಡ, ಲಾಡಿ ಇಡು. ಒಂದು ತುದಿ ಎಳೆದರೆ ಬಿಚ್ಚುವ ಹಾಗೆ.